ಯಾರ ಕೆಮ್ಮು ಯಾರಿಗೆ

ಗಂಡನ ಹೆಸರು ಹೇಳಬಾರದಂತೆ. ಈಗ ಹೇಳದೆ ಇನ್ನು ಯಾವಾಗ ಹೇಳಲಿ? ಮಾಲಿಂಗ. ನನ್ನ ಗಂಡ ಮಾಲಿಂಗನಿಗೆ ಟಿ.ಬಿ. ಇರಲಿಲ್ಲ.

ಮೊದಲು ಅವನ ಮೂಗಿನಿಂದ ರಕ್ತ ಬಂತು. ಉಷ್ಣ ಅಂದರು. ಆಮೇಲೆ ಕೆಮ್ಮು, ಕೆಮ್ಮಿನ ಜೊತೆ ರಕ್ತ. ಮೂಡಲಗಿಯ ಒಬ್ಬ ಡಾಕ್ಟರು ಎಕ್ಸರೇ ತೆಗೆಸಿ, ಪುಪ್ಪುಸದಲ್ಲಿ ತೂತು ಬಿದ್ದಿದೆ, ಟಿ.ಬಿ. ಎಂದು ಗುಳಿಗೆ ಬರೆದುಕೊಟ್ಟ. ಕಫದ ತಪಾಸಣೆಯಲ್ಲಿ ಏನೂ ಸಿಗಲಿಲ್ಲವಲ್ಲ ಎಂದು ಕೇಳಿದೆ. "ಒಮ್ಮೊಮ್ಮಿ ಸಿಗೂದಿಲ್ಲ ತಂಗಿ, ನೀ ಸುಮ್ಮ ಗುಳಿಗಿ ನುಂಗಸು" ಎಂದ.

ಕುಲಗೋಡದಲ್ಲಿ ನಾವು ಕುರಿ ಸಾಕುವ ಮಂದಿ. ಕೆಮ್ಮುವ ಕುರಿಯನ್ನು ಹಿಂಡಿನಿಂದ ತೆಗೆದು ಬೇರೆ ಕಟ್ಟಬೇಕು ಎಂಬುದು ನಮ್ಮ ಮನೆಯ ಎಳೆಗೂಸಿಗೂ ಗೊತ್ತು. ಇಲ್ಲದಿದ್ದರೆ ಹಿಂಡಿಗೆ ಹಿಂಡೇ ಹೋಗುತ್ತದೆ. ಮಾಲಿಂಗನನ್ನೂ ಹಾಗೆಯೇ ತೆಗೆದರು. ಅತ್ತೆ ಕೆಂಪವ್ವ ಹೊಲದ ಗುಡಿಸಲಲ್ಲಿ ಅವನಿಗೆ ಹಾಸಿಗೆ ಹಾಕಿಸಿದಳು, ಉಣ್ಣಲು ಬೇರೆ ಗಂಗಾಳ, ಬೇರೆ ಚೊಂಬು ಇಟ್ಟಳು. ಎರಡನೆಯ ಇಯತ್ತೆ ಓದುವ ನಮ್ಮ ಮಗಳು ಬಾಳವ್ವ ಬದುವಿನ ಮೇಲೆ ನಿಂತು ಅಪ್ಪನನ್ನು ಕೂಗಿ ಮಾತಾಡಿಸುತ್ತಿದ್ದಳು. ಹತ್ತಿರ ಹೋದರೆ ಅಜ್ಜಿ ಹೊಡೆಯುತ್ತಿದ್ದಳು. ನಾನು ಮಾತ್ರ ಹೋಗುತ್ತಿದ್ದೆ. ನನ್ನನ್ನು ತಡೆಯುವ ಗಂಡಸು ಆ ಮನೆಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಗುಳಿಗೆ ನುಂಗಿ ನುಂಗಿ ಅವನ ಹೊಟ್ಟೆ ಕೆಟ್ಟಿತೇ ಹೊರತು ಕೆಮ್ಮು ನಿಲ್ಲಲಿಲ್ಲ. ಕೀಲು ಬಾತವು. ಮೂತ್ರ ಕೆಂಪಾಯಿತು. ಒಂದು ದಿನ ಯಾರನ್ನೂ ಕೇಳದೆ ಅವನನ್ನು ಗೋಕಾಕದ ಬಸ್ಸು ಹತ್ತಿಸಿದೆ. ಅಲ್ಲಿ ನಮ್ಮ ಸೀಮೆಯ ನಾಗನೂರಿನವರೇ ಆದ ಡಾಕ್ಟರ್ ಆಮ್ರಪಾಲಿ ಎದೆಯ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಆ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ನನ್ನನ್ನೂ ಹತ್ತಿರ ಕರೆದರು.

"ನೋಡವಾ, ಎರಡೂ ಪುಪ್ಪುಸದಾಗ ಗಂಟ ಅದಾವು. ಕೆಲವು ಗಂಟಿನ ನಡುವ ತೂತು. ಸುತ್ತ ಹೊಗಿ ಕಟ್ಟಿದಂಗ ಐತೆಲ್ಲಾ, ಅದು ರಕ್ತ ಸೋರಿದ್ದು. ಟಿ.ಬಿ.ಗೂ ತೂತ ಬೀಳ್ತಾವು, ಅದಕ್ಕ ಮೊದಲಿನವರು ತಪ್ಪಿದ್ರು. ಇದು ರಕ್ತನಾಳಕ್ಕ ಬಾವು ಬರೂ ರೋಗ ಇದ್ದಂಗ ಐತಿ. ಭಾಳ ಅಪರೂಪದ್ದು. ಮೈ ಕಾಯೂ ಶಕ್ತಿನ ತಿರುಗಿ ಮೈಮ್ಯಾಲ ಬೀಳ್ತೈತಿ."

"ಮತ್ತೊಬ್ಬರಿಗೆ ಹತ್ತತೈತೇನ್ರಿ?"

"ಇಲ್ಲವಾ. ಯಾರಿಗೂ ಹತ್ತೂದಿಲ್ಲ."

ಕಿಡ್ನಿಗೂ ಪೆಟ್ಟು ಬಿದ್ದಿದೆ ಎಂದು ಅವರು ಮುಂದೆ ಹೇಳುತ್ತಿದ್ದರು. ನನ್ನ ಕಿವಿಗೆ ಬಿದ್ದಿದ್ದು ಅದೊಂದೇ ಮಾತು, ಯಾರಿಗೂ ಹತ್ತುವುದಿಲ್ಲ, ಅಂಟುವುದಿಲ್ಲ. ರಕ್ತ ತಪಾಸಣೆಯಲ್ಲೂ ಅದೇ ರೋಗ ಎಂದು ಬಂತು. ಊರಿಗೆ ಬಂದವಳು ನೀರಿನ ನಳದ ಹತ್ತಿರ ನಿಂತು, "ಕೇಳ್ರಿ ಎಲ್ಲಾರೂ! ನನ್ನ ಗಂಡಗ ಟಿ.ಬಿ. ಇಲ್ಲ! ಬಾಜೂಕ ಸರಿದು ಹೋಗವರು ಇನ್ನ ಮ್ಯಾಲ ನೆಟ್ಟಗ ನಡೀರಿ!" ಎಂದು ಒದರಿದೆ. ಓಣಿಯ ಯಲ್ಲವ್ವ ಮೂಗು ಮುರಿದಳು. ಅವಳ ಮೂಗು ನೆಟ್ಟಗಿದ್ದದ್ದು ಯಾವಾಗ?

ಔಷಧ ಹತ್ತಿತು. ಸಲಾಯಿನ್ ಹಚ್ಚಿದರು, ಗುಳಿಗೆ ಕೊಟ್ಟರು. ಮಾಲಿಂಗನ ಮುಖ ತುಂಬಿಕೊಂಡಿತು, ರೊಟ್ಟಿ ಕೇಳಿ ಹಾಕಿಸಿಕೊಂಡು ಉಣ್ಣತೊಡಗಿದ. ಎರಡನೆಯ ಸ್ಕ್ಯಾನಿನಲ್ಲಿ ಗಂಟುಗಳು ಕರಗುತ್ತಿದ್ದವು, ತೂತುಗಳು ಸಣ್ಣವಾಗಿದ್ದವು. ಅವತ್ತು ಡಾಕ್ಟರು ನನ್ನನ್ನು ಕೂಡಿಸಿಕೊಂಡು ಹೇಳಿದರು.

"ಈ ಔಷಧ ಮೈ ಕಾಯೂ ಶಕ್ತೀನ ಮಲಗಸ್ತೈತಿ. ಇವರಿಂದ ಯಾರಿಗೂ ಹತ್ತೂದಿಲ್ಲ ಖರೆ, ಆದ್ರ ಮಂದೀದು ಇವರಿಗೆ ಲಗೂನ ಹತ್ತತೈತಿ. ನೆಗಡಿ, ಕೆಮ್ಮು ಇದ್ದವರನ್ನ ಹತ್ರ ಬಿಡಬ್ಯಾಡ. ಸ್ವಲ್ಪ ದಿನ ದೂರನ ಇರಲಿ."

ಮನೆಗೆ ಬಂದು ಹಾಗೆಯೇ ಹೇಳಿದೆ. ಮನೆಯ ಹಿರಿಯ, ಮಾವನ ತಮ್ಮ ಭೀಮಶಿ ಕಾಕಾ ಬಿದ್ದು ಬಿದ್ದು ನಕ್ಕ.

"ಏನವಾ ಶೈಲಾ, ಮೊನ್ನಿ ಹತ್ತೂದಿಲ್ಲ ಅಂತ ಊರ ತುಂಬ ಒದರಿದಿ. ಇವತ್ತ ದೂರ ಇಡ್ರಿ ಅಂತಿ. ನಿಂದು ಯಾವ ಮಾತ ಖರೆ?"

"ಎರಡೂ ಖರೆ ಕಾಕಾ. ಇವರದು ನಮಗ ಹತ್ತೂದಿಲ್ಲ. ನಮ್ಮದು ಇವರಿಗೆ ಹತ್ತತೈತಿ."

"ನಾ ಹುಟ್ಟಿದಾಗಿಂದ ಕುರಿ ಕಾದೇನಿ. ಆರಾಮ ಆದ ಕುರೀನ ಹಿಂಡಿಗೆ ಬಿಡಬೇಕು. ಒಂಟಿ ಕುರಿ ಮೇಯೂದಿಲ್ಲವಾ, ಸೊರಗಿ ಸಾಯ್ತೈತಿ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. "ಹೆತ್ತ ಮಗನ್ನ ಹೊರಗ ಹಾಕಿದ್ನೆಲ್ಲೋ ಶಿವನ. ನನ್ನ ಕೈಯಾರೆ ಅವನ್ನ ಒಳಗ ಕರಕೋತೇನಿ." ನಮ್ಮ ಮನೆತನದಲ್ಲಿ ದೂರ ಮಾಡಿದವರನ್ನು ಕೂಡಿಸಿಕೊಳ್ಳುವುದೆಂದರೆ ಹಣೆಗೆ ಭಂಡಾರದ ಅರಿಶಿನ ಹಚ್ಚಿ, ಎಲ್ಲರೂ ಅವರೊಡನೆ ಒಂದೇ ಗಂಗಾಳದಲ್ಲಿ ಉಣ್ಣುವುದು. ಬರೀ ಬಾಯಿಮಾತಿನಲ್ಲಿ ಬಾ ಎಂದರೆ ಅದಕ್ಕೆ ಬೆಲೆಯಿಲ್ಲ.

ನಾನು ಬಾಗಿಲಿಗೆ ಅಡ್ಡ ನಿಂತೆ. ಬಾಯಿಗೆ ಬಂದಂತೆ ಬೈದೆ. ಅತ್ತೆಗೂ ಕಾಕಾನಿಗೂ ಮುಖ ಮೋರೆ ನೋಡದೆ ಅಂದೆ. ಕಡೆಗೆ ನನ್ನನ್ನು ಸರಿಸಿದವನು ಮಾಲಿಂಗನೇ.

"ಬಾಜೂಕ ಸರಿ ಶೈಲಾ. ಎಷ್ಟ ದಿನಾ ಗುಡಿಸಲ ಗ್ವಾಡಿ ನೋಡಿಕೋತ ಉಣ್ಣಲಿ? ಬದಕಿ ಬಂದದ್ದು ಯಾವದಕ್ಕ ಮತ್ತ?"

ಬಾಗಿಲು ಬಿಟ್ಟು ಸರಿದೆ.

ಪಡಸಾಲೆಯಲ್ಲಿ ದೊಡ್ಡ ಗಂಗಾಳ ಇಟ್ಟರು. ಜೋಳದ ರೊಟ್ಟಿ ಮುರಿದು ಹಾಕಿ ಮೇಲೆ ಕುರಿ ಸಾರು ಸುರಿದರು. ಅಣ್ಣತಮ್ಮಂದಿರ ಮಕ್ಕಳೆಲ್ಲ ಸುತ್ತ ಕೂತು ಕೈ ಹಾಕಿದರು. ಬಾಳವ್ವ ಓಡಿಬಂದು ಅಪ್ಪನ ತೊಡೆ ಏರಿದಳು. ಅವಳ ಮೂಗು ಸುರಿಯುತ್ತಿತ್ತು. ಶಾಲೆಯಲ್ಲಿ ಎಲ್ಲ ಹುಡುಗರಿಗೂ ನೆಗಡಿ ಹಬ್ಬಿತ್ತು. ಅವನು ತನ್ನ ಹೆಗಲ ಮೇಲಿನ ಟಾವೆಲ್ಲಿನಿಂದ ಅವಳ ಮೂಗು ಒರೆಸಿದ, ತುತ್ತು ಮಾಡಿ ತಿನ್ನಿಸಿದ, ಅವಳು ಅರ್ಧ ಕಚ್ಚಿ ಬಿಟ್ಟದ್ದನ್ನು ತಾನು ತಿಂದ. ಅವಳು ಅವನ ಮುಖಕ್ಕೇ ಕೆಮ್ಮಿದಳು.

"ಬಾಳವ್ವಾ, ಇಳಿ ಕೆಳಗ!" ಎಂದು ಚೀರಿದೆ.

"ಇರಲಿ ಬಿಡ" ಎಂದು ಅವನು ಅವಳನ್ನು ಇನ್ನಷ್ಟು ಅವಚಿಕೊಂಡ. ಅವನು ಅಷ್ಟು ಸಂತೋಷವಾಗಿದ್ದದ್ದನ್ನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ.

ವಾರ ತುಂಬುವುದರೊಳಗೆ ಜ್ವರ ಬಂತು. ಉಸಿರು ಕಟ್ಟಿತು. ಕಾಕಾ ಜೀಪು ತರಿಸಿ, ಅತ್ತೆ, ಬಾಳವ್ವ ಸಮೇತ ಎಲ್ಲರನ್ನೂ ಗೋಕಾಕಕ್ಕೆ ಕರೆದೊಯ್ದ. ಮೂರನೆಯ ಸ್ಕ್ಯಾನಿನ ಹಾಳೆಯನ್ನು ಡಾಕ್ಟರು ನನಗೆ ತೋರಿಸಲು ಎತ್ತಲಿಲ್ಲ. ಮೇಜಿನ ಮೇಲೆಯೇ ಇಟ್ಟು ಹೇಳಿದರು.

"ಎರಡೂ ಪುಪ್ಪುಸ ಬೆಳ್ಳಗ ಆಗ್ಯಾವವಾ, ಗಾಳಿಗೆ ಜಾಗಾ ಇಲ್ಲ. ಇದು ಹಳೆ ರೋಗ ಅಲ್ಲ. ಹೊರಗಿಂದ ಹತ್ತಿದ್ದು. ಮನ್ಯಾಗ ಯಾರಿಗೆ ಕೆಮ್ಮು ಇತ್ತು?"

ಅತ್ತೆ ನನ್ನ ಮುಖ ನೋಡಿದಳು. ಬಾಳವ್ವ ನನ್ನ ಕೈ ಹಿಡಿದು ಅಲ್ಲಿಯೇ ನಿಂತಿದ್ದಳು.

"ಯಾರಿಗೂ ಇರಲಿಲ್ರಿ" ಎಂದೆ.

ಮಾಲಿಂಗ ಬಾಯಿಯಲ್ಲಿ ಕೊಳವೆ ಇಟ್ಟುಕೊಂಡೇ ಹೋದ. ಕಡೆಗೆ ಒಂದು ಮಾತೂ ಇಲ್ಲ. ಅಯ್ಯೋ, ಬೈದಾದರೂ ಹೋಗಬಾರದಿತ್ತೇ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅತ್ತೆ ಈಗ ಯಾರೊಂದಿಗೂ ಕೂತು ಉಣ್ಣುವುದಿಲ್ಲ. ಕಾಕಾ ಕುರಿ ಹೊಡೆದುಕೊಂಡು ಹೋದವನು ಹಿಂಡಿನ ಜೊತೆ ಅಡವಿಯಲ್ಲೇ ಇದ್ದಾನೆ. ಅವರನ್ನು ಬೈಯಲು ಸಹ ನನಗೆ ಮನಸ್ಸಾಗುತ್ತಿಲ್ಲ.

ಮಾಲಿಂಗನ ದಿನಕರ್ಮ ಮುಗಿದ ಮೇಲೆ ಬಾಳವ್ವನನ್ನು ಶಾಲೆಗೆ ಕಳಿಸಲು ಜಡೆ ಹಾಕುತ್ತಿದ್ದೆ. ಅವಳಿಗೆ ಇನ್ನೂ ಸಣ್ಣಗೆ ಕೆಮ್ಮು ಇತ್ತು.

"ಯವ್ವಾ, ಅಪ್ಪನ ಕೆಮ್ಮು ನನಗ ಹತ್ತಿತ್ತೋ, ನನ್ನ ಕೆಮ್ಮು ಅಪ್ಪಗ ಹತ್ತಿತ್ತೋ?"

ಡಾಕ್ಟರು ಕೇಳಿದ್ದು ಅವಳ ತಲೆಯಲ್ಲಿ ಕೂತಿತ್ತು. ಅಷ್ಟು ದಿನ ಅದನ್ನು ಒಬ್ಬಳೇ ಹೊತ್ತುಕೊಂಡಿದ್ದಳು, ನನ್ನ ಕೂಸು.

"ಅಪ್ಪಂದು ನಿನಗ ಹತ್ತಿತ್ತು" ಎಂದೆ.

"ಖರೆ?"

"ಖರೆ."

ಅವಳ ಭುಜ ಸಡಿಲಾಯಿತು. "ಹಂಗಾರ ಅಪ್ಪ ನನ್ನನ್ನ ತೊಡಿ ಮ್ಯಾಲ ಕೂಡಸ್ಕೋಬಾರದಿತ್ತು" ಎಂದಳು. ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡೇ ಪಾಟಿಚೀಲ ಏರಿಸಿಕೊಂಡು ಹೋದಳು.

ಸಂಜೆ ನಳದ ಹತ್ತಿರ ಯಲ್ಲವ್ವ ತನ್ನ ಕೊಡ ಸರಿಸಿಕೊಂಡು ದೂರ ನಿಂತಳು. "ನಿನ್ನ ಮಗಳ ಹೇಳ್ಯಾಳಂತ ಸಾಲ್ಯಾಗ, ಅವರಪ್ಪನ ರೋಗ ಆಕಿಗೆ ಹತ್ತೇತಿ ಅಂತ. ಹತ್ತೂದಿಲ್ಲ ಅಂತ ನಮ್ಮನ್ನೆಲ್ಲಾ ಬೈದಿದ್ದೆಲ್ಲಾ, ಈಗೇನಂತಿ?"

ಸುತ್ತ ನಿಂತವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಏನಂದರೂ ನಾಳೆ ಅದು ಶಾಲೆಯಲ್ಲಿ ಬಾಳವ್ವನ ಕಿವಿಗೆ ಬೀಳುತ್ತಿತ್ತು.

"ಹತ್ತತೈತಿ" ಎಂದೆ. "ನೀವು ಹೇಳಿದ್ದ ಖರೆ ಇತ್ತು."