ಹೆಸರಿಲ್ಲದ ಬರಹಗಳಿಗೊಂದು ಹೆಸರು

ಪತ್ರಿಕೆಯ ಜಾಲತಾಣವನ್ನು ಕಟ್ಟಿದವಳು ಸಂಪಾದಕರ ಅಣ್ಣನ ಮಗಳು. ಅಪ್ಪ ತೀರಿಕೊಂಡ ಮೇಲೆ ಓದಿಸಿ, ಬೆಳೆಸಿ, ಕೊನೆಗೆ ತಮ್ಮ ಕಚೇರಿಯಲ್ಲೇ ಒಂದು ಕುರ್ಚಿ ಹಾಕಿಕೊಟ್ಟ ಚಿಕ್ಕಪ್ಪನೆಂದರೆ ಅವಳಿಗೆ ಪ್ರಾಣ. ಉಳಿದವರೆಲ್ಲ ಅವರನ್ನು ಸರ್ ಎನ್ನುತ್ತಿದ್ದರು. ಅವಳು ಮಾತ್ರ ಎಷ್ಟು ತಿದ್ದಿಕೊಂಡರೂ ಚಿಕ್ಕಪ್ಪ ಎಂದುಬಿಡುತ್ತಿದ್ದಳು.

ಜಾಲತಾಣದಲ್ಲಿ ಬರಹಗಳನ್ನು ವಿಷಯದ ಪ್ರಕಾರ ಜೋಡಿಸುವ ವ್ಯವಸ್ಥೆ ಮೊದಲೇ ಇತ್ತು. ಬರೆದವರ ಪ್ರಕಾರ ಜೋಡಿಸಲು ಅವಳು ಬೇರೆಯೇ ಒಂದು ವಿಭಾಗ ಮಾಡಿದ್ದಳು. ಒಂದು ಹೆಸರು ಒತ್ತಿದರೆ ಆ ವ್ಯಕ್ತಿ ಬರೆದದ್ದೆಲ್ಲ ಸಾಲಾಗಿ ಬರುತ್ತಿತ್ತು. ಅಲ್ಲಿ ಎಲ್ಲಕ್ಕಿಂತ ಉದ್ದನೆಯ ಸಾಲು ಪತ್ರಿಕೆಯ ವರದಿಗಾರ್ತಿಯೊಬ್ಬಳದು. ಆಸ್ಪತ್ರೆಯಲ್ಲಿ ಯಂತ್ರ ಕೆಟ್ಟು ಎಳೆಗೂಸುಗಳು ಸತ್ತದ್ದನ್ನು ತಿಂಗಳುಗಟ್ಟಲೆ ಬೆನ್ನುಹತ್ತಿ ಬರೆದವಳು ಅವಳು. ಒಡಹುಟ್ಟದಿದ್ದರೂ ಇವಳಿಗೆ ಅವಳು ಅಕ್ಕ. ಮಧ್ಯಾಹ್ನ ಇಬ್ಬರೂ ಡಬ್ಬಿ ಬಿಚ್ಚುತ್ತಿದ್ದದ್ದು ಒಂದೇ ಮೇಜಿನ ಮೇಲೆ.

ವರದಿಗಾರ್ತಿ ಕೆಲಸ ಬಿಡುವುದಾಗಿ ಹೇಳಿದ ವಾರವೇ ಚಿಕ್ಕಪ್ಪ ಇವಳನ್ನು ಕೋಣೆಗೆ ಕರೆದರು.

"ಎಷ್ಟೋ ಬರಹಕ್ಕೆ ಯಾರ ಹೆಸರೂ ಇಲ್ಲ ಕಣಮ್ಮ. ದಿಕ್ಕಿಲ್ಲದ ಮಕ್ಕಳ ಥರ ಕಾಣತ್ತೆ. ಹಾಕೋದು ಮರೆತರೆ ತಾನಾಗೇ ಒಂದು ಹೆಸರು ಬರೋ ಹಾಗೆ ಮಾಡೋಕಾಗತ್ತಾ?"

"ಆಗತ್ತೆ. ಒಂದು ಡಿಫಾಲ್ಟ್ ಹೆಸರು ಕೊಟ್ಟರೆ ಆಯ್ತು. 'ನಮ್ಮ ಬಳಗ' ಅಂತ ಹಾಕ್ಲಾ?"

"ಬಳಗಕ್ಕೆ ಯಾರು ಫೋನ್ ಮಾಡ್ತಾರೆ? ನನ್ನ ಹೆಸರೇ ಹಾಕು. ಬೈಗುಳ ಬಂದ್ರೆ ನಾನೇ ತಿಂತೀನಿ."

ಅವಳು ನಕ್ಕು ಹಾಗೇ ಮಾಡಿದಳು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಳು: ಪಟ್ಟಿಯಿಂದ ಯಾರದಾದರೂ ಹೆಸರು ಅಳಿಸಿದರೆ ಅವರ ಬರಹಗಳೂ ಡಿಫಾಲ್ಟ್ ಹೆಸರಿಗೇ ಹೋಗಿ ಸೇರುತ್ತವೆ, ಹಾಗಾಗಿ ಯಾವುದನ್ನೂ ಅಳಿಸಬೇಡಿ. ಚಿಕ್ಕಪ್ಪ ಕನ್ನಡಕ ಒರೆಸುತ್ತ ತಲೆಯಾಡಿಸಿದರು.

ವರದಿಗಾರ್ತಿ ಹೋದಳು. ಕೆಲವು ವಾರಗಳ ನಂತರ ಅವಳ ಫೋನ್ ಬಂತು. ದನಿ ಕಲ್ಲಾಗಿತ್ತು.

"ಹೊಸ ಪತ್ರಿಕೆಯವರು ನಿಮ್ಮ ಬರಹ ತೋರ್ಸಿ ಅಂದ್ರು. ಅವರೆದುರೇ ತೆಗೆದೆ. ಒಂದರಲ್ಲೂ ನನ್ನ ಹೆಸರಿಲ್ಲ, ಎಲ್ಲಾ ನಿನ್ನ ಚಿಕ್ಕಪ್ಪಂದು. ಕಳ್ಳೀನ ನೋಡಿದ ಹಾಗೆ ನೋಡಿದ್ರು ನನ್ನ. ಇದನ್ನ ಮಾಡೋಕೆ ಬರೋದು ನಿನಗೊಬ್ಬಳಿಗೇ ತಾನೇ?"

"ಅಕ್ಕ, ನಾನಲ್ಲ..."

ಅಷ್ಟರಲ್ಲಿ ಫೋನ್ ಕಟ್ಟಾಗಿತ್ತು.

ಪರದೆಯಲ್ಲಿ ಹುಡುಕಿದರೆ ಅಕ್ಕನ ಹೆಸರಿನ ಸುಳಿವೇ ಇಲ್ಲ. ಆ ಕೂಸುಗಳ ಕಥೆಗಳೆಲ್ಲ ಚಿಕ್ಕಪ್ಪನ ಹೆಸರಿನ ಕೆಳಗೆ ಬಂದು ಕೂತಿದ್ದವು. ಅವಳು ಎದ್ದು ಅವರ ಕೋಣೆಗೆ ಹೋದಳು.

"ಅಕ್ಕನ ಹೆಸರು ಅಳಿಸಿದ್ದು ನೀವಾ?"

"ಬಿಟ್ಟುಹೋದವಳ ಹೆಸರು ಯಾಕಿರಬೇಕು? ನಾನು ಅಳಿಸಿದೆ, ಅಷ್ಟೇ. ಮಿಕ್ಕಿದ್ದು ನಿನ್ನ ಏರ್ಪಾಡು ಮಾಡ್ತು." ಅವರು ಕಾಗದದಿಂದ ತಲೆ ಎತ್ತಲಿಲ್ಲ. "ಆ ಸರಣೀನ ಪ್ರಶಸ್ತಿಗೆ ಕಳಿಸಿದೀನಿ. ಬಂದರೆ ಪತ್ರಿಕೆಗೇ ಒಳ್ಳೇದು."

"ಅದಕ್ಕೇನಾ ಅವತ್ತು ನನ್ನ ಕೈಲಿ ಮಾಡ್ಸಿದ್ದು?"

"ಮನೆಯವರ ಹತ್ರ ಅಲ್ದೆ ಇನ್ಯಾರ ಹತ್ರ ಮಾಡಿಸ್ಲಿ?"

ಅವರು ಗದರಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಜ್ವರ ಬಂದಾಗ ಹಣೆ ಮುಟ್ಟಿ ಮಾತಾಡಿಸುತ್ತಿದ್ದ ಅದೇ ಮೆತ್ತನೆಯ ದನಿಯಲ್ಲಿ ಹೇಳಿದ್ದು ಕರುಳಿಗೇ ನಾಟಿತು.

ತನ್ನ ಜಾಗಕ್ಕೆ ಬಂದು ಹಳೆಯ ಬ್ಯಾಕಪ್ ತೆರೆದಳು. ಸಂಜೆಯೊಳಗೆ ವರದಿಗಾರ್ತಿಯ ಬರಹಗಳೆಲ್ಲ ಅವಳ ಹೆಸರಿಗೆ ಮರಳಿದವು. ಡಿಫಾಲ್ಟನ್ನೇ ಕಿತ್ತುಹಾಕಿದಳು. ಹೊಸ ಪತ್ರಿಕೆಗೂ ಪ್ರಶಸ್ತಿ ಸಮಿತಿಗೂ ನಡೆದದ್ದನ್ನು ನಡೆದಂತೆ ಬರೆದು, ಕೆಳಗೆ ಸಹಿ ಹಾಕಿದಳು. ಮರುದಿನ ಅವಳ ಪಾಸ್‌ವರ್ಡ್ ಕೆಲಸ ಮಾಡಲಿಲ್ಲ. ಮೇಜಿನ ಮೇಲಿದ್ದ ನೀರಿನ ಬಾಟಲಿ, ಶಾಲು ಎತ್ತಿಕೊಂಡು ಮೆಟ್ಟಿಲಿಳಿದಳು.

ವರದಿಗಾರ್ತಿಗೆ ಕೆಲಸ ಸಿಕ್ಕಿತು. ಹೇಳಲು ಫೋನ್ ಮಾಡಿದವಳು ಕೊನೆಗೆ ಕೇಳಿದಳು: "ಅವತ್ತು ಅವರ ಹೆಸರು ಹಾಕುವಾಗ ನನಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ?"

"ಅವರ ಮೇಲೆ ಅನುಮಾನ ಪಡೋದು ನನಗೆ ಗೊತ್ತೇ ಇರಲಿಲ್ಲ ಅಕ್ಕ."

ಆ ಕಡೆಯಿಂದ ಒಂದು ಹೂಂ ಬಂತು. ಅದರಲ್ಲಿ ಕ್ಷಮೆ ಇತ್ತೋ ಇಲ್ಲವೋ ತಿಳಿಯಲಿಲ್ಲ.

ಭಾನುವಾರ ಚಿಕ್ಕಮ್ಮನೇ ಅವಳ ಬಾಡಿಗೆ ಕೋಣೆಗೆ ಬಂದರು. "ಸರಿಯಾಗಿ ಊಟ ಮಾಡ್ತಿಲ್ಲ ಅವರು. ಬಂದು ತಪ್ಪಾಯ್ತು ಅಂದುಬಿಡು, ಮುಗೀತು."

"ಯಾರ ತಪ್ಪು ಚಿಕ್ಕಮ್ಮ?"

ಅವಳು ಟೀ ಮಾಡಿಕೊಟ್ಟಳು, ಬಸ್ ನಿಲ್ದಾಣದವರೆಗೂ ಬಿಟ್ಟುಬಂದಳು. ಜೊತೆಗೆ ಬಸ್ಸು ಹತ್ತಲಿಲ್ಲ.