ಗೋಡೆ ಹತ್ತಿದ ಬೆರಳು

ನಿಜಾಮರ ಕಾಲದ ಮಾತು. ಯಲಬುರ್ಗಾ ಹತ್ತಿರದ ಮಂಗಳೂರೆಂಬ ಹಳ್ಳಿಯ ಕಳಕಪ್ಪನಂತೆ ರುಮಾಲು ಸುತ್ತುವವರು ಆ ಸೀಮೆಯಲ್ಲೇ ಇರಲಿಲ್ಲ. ಸುಳ್ಳಲ್ಲ, ಯಾರನ್ನು ಬೇಕಾದರೂ ಕೇಳಿ. ಲಗ್ನವಿರಲಿ, ಕೊಪ್ಪಳದ ಕಚೇರಿಗೆ ಹೋಗುವುದಿರಲಿ, ಊರ ಗಂಡಸರು ಬಟ್ಟೆಯ ಸುರುಳಿ ಕಂಕುಳಲ್ಲಿಟ್ಟುಕೊಂಡು ಅವನ ಕಟ್ಟೆಗೆ ಬರುತ್ತಿದ್ದರು. ಅಂಥವನ ಬಲಗೈ ಆ ವರ್ಷ ದಸರೆಯ ಹೊತ್ತಿಗೆ ಎದೆಮಟ್ಟಕ್ಕಿಂತ ಮೇಲೇಳದೆ ನಿಂತುಬಿಟ್ಟಿತು.

ಮೊದಲು ಭುಜ ಬರೀ ನೋಯುತ್ತಿತ್ತು. ಹೆಂಡತಿ ಶೇಖರಮ್ಮ ಗಾಬರಿಯಾಗಿ ಹಳೆಯ ಸೀರೆ ಹರಿದು ಕೈಯನ್ನು ಕೊರಳಿಗೆ ಕಟ್ಟಿದಳು, ಉಪ್ಪಿನ ಗಂಟು ಕಾಸಿ ಶಾಖ ಕೊಟ್ಟಳು, ಅಂಗಿ ತಾನೇ ತೊಡಿಸಿದಳು, ರೊಟ್ಟಿ ಮುರಿದು ಬಾಯಿಗಿಟ್ಟಳು. ಮೂರು ತಿಂಗಳು ಹೀಗೆ ಮುದ್ದು ಮಾಡಿದ ಮೇಲೆ ಕೈ ಪೂರ್ತಿ ಹಟ ಹಿಡಿಯಿತು. ಪ್ರೀತಿಯಿಂದ ಮಾಡಿದ್ದು, ಯಾರನ್ನು ಬಯ್ಯೋಣ ಹೇಳಿ.

ಅಷ್ಟರಲ್ಲಿ ಮಗಳು ಪಕ್ಕೀರವ್ವನ ಲಗ್ನ ವೈಶಾಖಕ್ಕೆ ಗೊತ್ತಾಯಿತು. ಆ ಮನೆತನದಲ್ಲಿ ಅಕ್ಷತೆಯ ಅಕ್ಕಿಕಾಳು ಬೀಳುವ ಮುಂಚೆ ಅಳಿಯ ಹೊಸ್ತಿಲ ಬಳಿ ನಿಲ್ಲಬೇಕು, ಮಾವ ತನ್ನ ಕೈಯಾರೆ ಅವನಿಗೆ ರುಮಾಲು ಸುತ್ತಬೇಕು. ಗಂಗಾವತಿಯ ಅಳಿಯ ಕೊಟ್ರಬಸಪ್ಪನೋ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಬರುವಷ್ಟು ಎತ್ತರದ ಆಳು!

"ನಿಮ್ಮ ತಮ್ಮ ದೇವೇಂದ್ರಪ್ಪ ಸುತ್ತಲಿ ಬಿಡ್ರಿ," ಎಂದಳು ಶೇಖರಮ್ಮ. ಊರಿಗೆಲ್ಲ ಸುತ್ತಿದವನು ಮಗಳ ಗಂಡನಿಗೆ ಸುತ್ತಲಾರೆನೆಂದರೆ ಹೇಗೆ? ಕಳಕಪ್ಪನಿಗೆ ಅವತ್ತು ಊಟ ಸೇರಲಿಲ್ಲ.

ಮರುದಿನವೇ ಚಕ್ಕಡಿ ಹೂಡಿಸಿ ಕುಷ್ಟಗಿಗೆ ಹೋದ. ಅಲ್ಲಿನ ಗರಡಿಮನೆಯ ಜಿಲಾನಿ ಉಸ್ತಾದರು ಪೈಲ್ವಾನರ ಕೈಕಾಲು ಸರಿಪಡಿಸುವುದರಲ್ಲಿ ಹೆಸರಾದವರು. ಎಣ್ಣೆ ತಿಕ್ಕುತ್ತಾರೆ, ಕಣ್ಣು ಮುಚ್ಚಿ ಮಲಗಿದರಾಯಿತು ಎಂದುಕೊಂಡಿದ್ದ. ಉಸ್ತಾದರು ಭುಜವನ್ನು ಅತ್ತಿತ್ತ ಆಡಿಸಿ ನೋಡಿ, ಕೊರಳ ಕಟ್ಟು ಬಿಚ್ಚಿ ಮೂಲೆಗೆಸೆದರು.

"ಎಲುವು ಛಲೋ ಅದಾವ, ಕಳಕಪ್ಪಣ್ಣ. ಕೈಗೆ ಆರಾಮ ಭಾಳ ಆಗೇತಿ, ಅದಕ್ಕ ಬಿಗದೈತಿ. ಇನ್ನ ದುಡಸೂಣು."

ಬಿಸಿ ಎಣ್ಣೆ ತಿಕ್ಕಿದರು ನಿಜ. ಆಮೇಲೆ ಅವನನ್ನು ಗೋಡೆಯ ಮುಂದೆ ನಿಲ್ಲಿಸಿ ಬೆರಳಿಗೆ ಗರಡಿಯ ಕೆಮ್ಮಣ್ಣು ಮೆತ್ತಿದರು. ಬೆರಳುಗಳನ್ನು ಗೋಡೆಯ ಮೇಲೆ ಮೆಲ್ಲಗೆ ನಡೆಸುತ್ತ ಮೇಲೇರಿಸಬೇಕು. ಬಿಗಿ ಬಂದಲ್ಲಿ ಹತ್ತು ಎಣಿಸುವತನಕ ನಿಂತು, ಗುರುತೊತ್ತಿ ಇಳಿಸಬೇಕು.

"ದಿನಾ ಮೂರು ಹೊತ್ತು ಮಾಡ್ರಿ. ಜೋರಾವರಿ ಬ್ಯಾಡ, ತಪ್ಪಸೂದೂ ಬ್ಯಾಡ. ಎಂಟು ದಿನಕ್ಕೊಮ್ಮೆ ಬಂದು ತೋರಸ್ರಿ. ಅಂದಂಗ, ಅಳಿಯಂದ್ರು ಎಷ್ಟು ಎತ್ತರ ಅದಾರ?"

ಕಳಕಪ್ಪ ಮನೆಗೆ ಬಂದವನೇ ಪಡಸಾಲೆಯ ಗೋಡೆಗೆ ಅಳಿಯನ ರುಮಾಲಿನ ಎತ್ತರಕ್ಕೆ ಎಡಗೈಯಿಂದ ಗೆರೆ ಎಳೆದು, ಕೆಮ್ಮಣ್ಣು ಮೆತ್ತಿದ ಬಲಗೈ ಬೆರಳು ನಡೆಸತೊಡಗಿದ.

"ಅಯ್ಯ ಶಿವನ! ಮೊನ್ನೆ ಸುಣ್ಣ ಬಳಿಸೇನಿ, ಸಣ್ಣ ಹುಡುಗರಂಗ ಕೈ ಒರಸ್ತೀರಲ್ರಿ!" ಎಂದು ಶೇಖರಮ್ಮ ಎಗರಾಡಿದಳು. ಗಂಡ ಹಲ್ಲು ಕಚ್ಚಿ ನಿಂತದ್ದು ಕಂಡು ಎಣಿಸುವ ಕೆಲಸ ತಾನೇ ತೆಗೆದುಕೊಂಡಳು. ಅವಳ ಎಣಿಕೆಯೋ! "ಮೂರು, ನಾಕು, ಏಳು, ಹತ್ತು, ಇಳಸ್ರಿ!"

"ಐದು, ಆರು ಎಲ್ಲಿ ಹೋದುವು?"

"ನಿಮ್ಮ ಮಾರಿ ನೋಡಾಕ ಆಗವಲ್ದು, ನಾ ಏನ್ ಮಾಡ್ಲಿ?"

ತಿಂಗಳಿಗೆ ಒಂದು ಗೇಣು ಕೂಡ ಏರಲಿಲ್ಲ. ಕೆಲವು ದಿನ ಹೊಸ ಗುರುತು ಹಳೆಯದರ ಮೇಲೆಯೇ ಬಿತ್ತು. ಆದರೂ ಹೋಳಿ ಹುಣ್ಣಿಮೆಗೆ ಅವನು ಅಂಗಿಯನ್ನು ತಾನೇ ತೊಟ್ಟುಕೊಂಡ. ರೊಟ್ಟಿ ಮುರಿದು, ಮೆಣಸಿನಕಾಯಿ ಹಿಂಡಿ ಹಚ್ಚಿ, ಬಲಗೈಯಿಂದ ಉಂಡ. ರಾತ್ರಿ ಮಗ್ಗುಲಾದರೆ ಚೀರುವುದೂ ನಿಂತಿತು. ಗೆರೆ ಮಾತ್ರ, ಲಗ್ನದ ಹಿಂದಿನ ಸಂಜೆಯೂ, ಎರಡು ಬೆರಳು ಮೇಲೆಯೇ ಉಳಿದಿತ್ತು.

ಲಗ್ನದ ಮುಂಜಾನೆ ಭುಜಕ್ಕೆ ಬಿಸಿನೀರು ಹೊಯ್ದುಕೊಂಡು, ಗೋಡೆಗೆ ಮೂರು ಸಲ ಕೈ ನಡೆಸಿ, ಕಳಕಪ್ಪ ಹೊಸ್ತಿಲಿಗೆ ಬಂದ. ಮಂದಿಯ ನಡುವೆ ಉಸ್ತಾದರೂ ಇದ್ದರು. ಮಾವನ ಕೈಯ ಸುದ್ದಿ ತಿಳಿದಿದ್ದ ಕೊಟ್ರಬಸಪ್ಪ ಒಳ್ಳೆಯ ಹುಡುಗ, ಮೊಣಕಾಲು ಮಡಿಸಿ ತಲೆ ತಗ್ಗಿಸಿದ.

"ಬಗ್ಗಬ್ಯಾಡ್ರಿ ಅಳಿಯಂದ್ರ," ಎಂದ ಕಳಕಪ್ಪ. "ನೆಟ್ಟಗ ನಿಂದ್ರಿ."

ಅಳಿಯ ನೆಟ್ಟಗೆ ನಿಂತ. ಕಳಕಪ್ಪನ ಎರಡೂ ಕೈ ಮೆಲ್ಲಗೆ ಮೇಲೇರಿದವು, ಎದೆ ದಾಟಿ, ಕಿವಿ ದಾಟಿ, ಗೋಡೆಯಲ್ಲಿ ಉಳಿದಿದ್ದ ಆ ಎರಡು ಬೆರಳನ್ನೂ ದಾಟಿ, ಅಳಿಯನ ನೆತ್ತಿಯ ಮೇಲೆ ಕೂಡಿದವು. ಮೊದಲ ಸುತ್ತು ಬಿತ್ತು. ಬಾಗಿಲ ಹಿಂದೆ ನಿಂತ ಶೇಖರಮ್ಮ ತುಟಿಯಲ್ಲೇ ಎಣಿಸುತ್ತಿದ್ದಳು, ಐದು, ಆರು ಯಾವುದನ್ನೂ ಬಿಡದೆ, ಹತ್ತರತನಕ.