ಐಮನ್‌ಳ ಕಲಾಯಿ ಲೋಟ

ಸುರ್ಮಾದ ಡಬ್ಬಿಯನ್ನು ದುಪಟ್ಟಾದ ತುದಿಗೆ ಗಂಟು ಹಾಕಿ ರೆಹಾನಾ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಯೂನಿವರ್ಸಿಟಿಯ ಹುಡುಗಿ ನಯನಾ ಪಿಸ್ತೂಲಿನಂಥ ಹಿಡಿಯಿದ್ದ ಯಂತ್ರವನ್ನು ಅಡುಗೆಮನೆಯ ಗೋಡೆಗೆ ಒತ್ತಿ, ಕಣ್ಣು ಕಿರಿದು ಮಾಡಿ ಅದರ ಪರದೆ ಓದುತ್ತಿದ್ದಳು.

"ಬಣ್ಣದಲ್ಲೇನೂ ಇಲ್ಲ ಅಕ್ಕಾ. ನೀರಲ್ಲೂ ಇಲ್ಲ, ಅರಿಶಿನದಲ್ಲೂ ಇಲ್ಲ. ಮತ್ತೆ ಎಲ್ಲಿಂದ ಬರ್ತಿದೆ ಈ ಸೀಸ?"

ಶೆಟ್ಟಿಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳಲ್ಲಿ ರಕ್ತ ಎಷ್ಟು ಕಡಿಮೆಯಿದೆ ಎಂದು ನೋಡಲು ಯೂನಿವರ್ಸಿಟಿಯವರು ಬಂದಿದ್ದರು. ನೋಡುತ್ತಾ ಹೋದಾಗ ಕೆಲವು ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಿತು. ಎಲ್ಲರಿಗಿಂತ ಹೆಚ್ಚು ರೆಹಾನಾಳ ಮಗಳು ಐಮನ್‌ಳಲ್ಲಿ. ವರ್ಷದಿಂದ ಹುಡುಗಿಗೆ ಬಿಡದ ಹೊಟ್ಟೆನೋವು. ಬೆಳಿಗ್ಗೆ ಕಲಿತ ಮಗ್ಗಿ ಸಂಜೆಗೆ ನೆನಪಿರುತ್ತಿರಲಿಲ್ಲ. ಕ್ಲಿನಿಕ್ಕಿನಲ್ಲಿ ಜಂತುಹುಳದ ಮಾತ್ರೆ ಕೊಟ್ಟಿದ್ದರು, ದರ್ಗಾದಿಂದ ತಾಯತವೂ ಬಂದಿತ್ತು. ಹೀಗೇ ಬಿಟ್ಟರೆ ಮಗುವಿನ ಬುದ್ಧಿಗೇ ಪೆಟ್ಟು ಎಂದು ನಯನಾ ಮೊದಲ ಭೇಟಿಯಲ್ಲೇ ಹೇಳಿದ್ದಳು. ಆಮೇಲೆ ಸೀರೆಗಳಿಗೆ ಫಾಲ್ ಹೊಲಿಯಲು ಕೂತಾಗಲೆಲ್ಲ ರೆಹಾನಾಳ ಸೂಜಿ ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚುತ್ತಿತ್ತು.

ಸುರ್ಮಾದಲ್ಲಿ ಸೀಸ ಇರುತ್ತದೆಂದು ಯಾರೋ ಅಂದಿದ್ದರು. ಶುಕ್ರವಾರ ಶುಕ್ರವಾರ ಮಗಳ ಕಣ್ಣಿಗೆ ಅದನ್ನು ಹಚ್ಚುತ್ತಿದ್ದವಳು ಅವಳೇ.

"ಇವತ್ತೂ ಸಿಗಲಿಲ್ಲ, ಮತ್ತೆ ಬರ್ತೀನಿ ಬಿಡಿ," ಎಂದು ನಯನಾ ಯಂತ್ರವನ್ನು ಚೀಲಕ್ಕೆ ಹಾಕತೊಡಗಿದಳು. ಹುಣಸಮಾರನಹಳ್ಳಿಯಿಂದ ಬಸ್ಸು ಬದಲಾಯಿಸಿಕೊಂಡು ಬರುವ ಹುಡುಗಿ, ಬೆನ್ನೆಲ್ಲ ಬೆವರಿತ್ತು.

"ಇದಕ್ಕೆಲ್ಲ ಸಂಬಳ ಕೊಡ್ತಾರಾಮ್ಮಾ ನಿಮಗೆ?"

"ಫೆಲೋಶಿಪ್ ಅಂತ ಕೊಡ್ತಾರೆ ಅಕ್ಕಾ. ನಮ್ಮಜ್ಜಿ ಪೆನ್ಶನ್ನಾದ್ರೂ ಅದಕ್ಕಿಂತ ಬೇಗ ಬರುತ್ತೆ."

"ಮತ್ಯಾಕೆ ಇಷ್ಟು ಕಷ್ಟ?"

"ನಿಮ್ಮ ದುಡ್ಡಲ್ಲೇ ಓದ್ತಿರೋದು ನಾನು. ಸರ್ಕಾರಿ ಯೂನಿವರ್ಸಿಟಿ ಅಲ್ವಾ?"

"ನಾವೆಲ್ಲಿ ಕೊಟ್ವಿ?"

"ಸೋಪು ತಗೊಂಡ್ರೂ ಟ್ಯಾಕ್ಸ್ ಕಟ್ತೀರಲ್ಲ. ಬಿಲ್ಲು ಇಸ್ಕೊಂಡ್ರೆ."

ರೆಹಾನಾ ನಗಲು ಹೋದಳು, ಆಗಲಿಲ್ಲ. ಸೊಂಟದ ಗಂಟು ಬಿಚ್ಚಿ ಡಬ್ಬಿಯನ್ನು ಹುಡುಗಿಯ ಅಂಗೈಯಲ್ಲಿಟ್ಟಳು. ಬಚ್ಚಿಟ್ಟಿದ್ದು ಯಾಕೆ ಎಂದು ನಯನಾ ಕೇಳಲಿಲ್ಲ. ಯಂತ್ರವನ್ನು ಮತ್ತೆ ಹೊರಗೆ ತೆಗೆದಳು.

"ಇದರಲ್ಲೂ ಇದೆ ಅಕ್ಕಾ. ಇನ್ಮೇಲೆ ಹಚ್ಚಬೇಡಿ. ಆದ್ರೆ ವಾರಕ್ಕೊಂದ್ಸಲ ಹಚ್ಚಿದ್ರೆ ಅಷ್ಟೊಂದು ಸೇರಲ್ಲ. ಬೇರೇನೋ ಇದೆ. ದಿನಾ ಹೊಟ್ಟೆಗೆ ಹೋಗೋದು."

ಅಷ್ಟರಲ್ಲಿ ಐಮನ್ ಶಾಲೆಯಿಂದ ಬಂದು ಬ್ಯಾಗ್ ಎಸೆದಳು. ಹುಣಸೆಹಣ್ಣಿನ ಪಾನಕ ಮಾಡಿಟ್ಟಿತ್ತು. ರೆಹಾನಾ ಅದನ್ನು ಮಗಳ ಹಿತ್ತಾಳೆ ಲೋಟಕ್ಕೆ ಬಗ್ಗಿಸಿದಳು. ಲೋಟದ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. ಜಗುಲಿಯಲ್ಲಿ ತಿದಿ ಒತ್ತುತ್ತಾ ಯಾರದೋ ಕೊಳಗಕ್ಕೆ ತವರದ ಕಲಾಯಿ ಹಾಕುತ್ತಿದ್ದ ರೆಹಾನಾಳ ಗಂಡ ದಸ್ತಗೀರ್ ಅಲ್ಲಿಂದಲೇ ಅಂದ:

"ನಮ್ಮ ರಾಣಿ ಲೋಟ ಮೇಡಂ ಅದು. ಊರೋರ ಪಾತ್ರೆಗೆ ವರ್ಷಕ್ಕೊಂದು ಕಲಾಯಿ. ಇವಳ ಲೋಟಕ್ಕೆ ತಿಂಗಳು ತಿಂಗಳು."

"ಐಮನ್, ಕುಡೀಬೇಡ. ಇಲ್ಲಿ ಕೊಡು ಪುಟ್ಟಾ," ಎಂದು ನಯನಾ ಕೈ ಚಾಚಿದಳು.

ಪಾನಕ ಚೆಲ್ಲಿ, ಲೋಟ ಒರೆಸಿ, ನಯನಾ ಯಂತ್ರ ಹಿಡಿದಳು. ಪರದೆಯನ್ನು ಎರಡು ಸಲ ನೋಡಿಕೊಂಡು ಜಗುಲಿಗೆ ಹೋದಳು.

"ಅಣ್ಣಾ, ತವರ ಎಲ್ಲಿಂದ ತರ್ತೀರಿ?"

"ಗುಜರಿಯಿಂದ. ಬೆರಕೆ ಪಟ್ಟಿ. ಬರೀ ತವರ ತಂದ್ರೆ ನಮಗೇನು ಉಳಿಯುತ್ತೆ? ಬೆರಕೆ ಬೇಗ ಕರಗುತ್ತೆ..."

"ಬೆರಕೆ ಅಂದ್ರೆ ಸೀಸ ಅಣ್ಣಾ. ಹುಳಿ ತಾಗಿದ್ರೆ ಬಿಟ್ಕೊಳ್ಳುತ್ತೆ."

ದಸ್ತಗೀರ್ ತಿದಿಯಿಂದ ಕೈ ತೆಗೆದ. ಕೆಂಡ ಬೂದಿಯಾಗತೊಡಗಿದರೂ ಅತ್ತ ನೋಡಲಿಲ್ಲ. ಇನ್ನು ಈ ಹುಡುಗಿ ಅವನನ್ನು ಬೈಯುತ್ತಾಳೆ, ಬೈಯಲಿ ಎಂದು ರೆಹಾನಾ ಬಾಗಿಲಲ್ಲಿ ಕಾದು ನಿಂತಳು. ನಯನಾ ಮಸಿಯ ನೆಲದಲ್ಲೇ ಅವನ ಪಕ್ಕ ಕೂತಳು.

"ಯಾರೂ ನಿಮಗೆ ಹೇಳಿಲ್ಲ. ಹೇಳಬೇಕಾಗಿದ್ದೋರು ನಾವು. ನಾವೇ ಲೇಟಾಗಿ ಬಂದ್ವಿ ಅಣ್ಣಾ."

ಇವತ್ತು ನಿಲ್ಲಿಸಿದರೆ ರಕ್ತದಲ್ಲಿ ಇಳಿಯುತ್ತದೆ ಎಂದಳು. ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋಗುತ್ತೇನೆ, ಐಮನ್ ಇನ್ನೂ ಚಿಕ್ಕವಳು, ಕಲಿಯುತ್ತಾಳೆ ಎಂದಳು. ತವರ ತಂದಾಗಲೆಲ್ಲ ಲ್ಯಾಬಿಗೆ ತನ್ನಿ, ಶುದ್ಧವೋ ಬೆರಕೆಯೋ ಸುಮ್ಮನೆ ನೋಡಿಕೊಡುತ್ತೇವೆ ಎಂದಳು. ರೆಹಾನಾಳಿಗೆ ಪೂರ್ತಿ ಕೇಳಿಸಿದ್ದು 'ಕಲಿಯುತ್ತಾಳೆ' ಎಂಬುದೊಂದೇ.

ಅವಳಿಗೆ ಮನೆಯ ಮಾತಿನಲ್ಲೂ ಕನ್ನಡದಲ್ಲೂ ಏನೇನೋ ಹೇಳಬೇಕಿತ್ತು. ಒಳಗೆ ಹೋಗಿ ಸ್ಟೀಲ್ ತಟ್ಟೆಗೆ ಖಿಚಡಿ ಬಡಿಸಿ ತಂದಳು.

"ಉಂಡು ಹೋಗಿ."

"ಬಸ್ಸು ಹೋಗ್ಬಿಡುತ್ತೆ ಅಕ್ಕಾ."

"ಇನ್ನೊಂದು ಬರುತ್ತೆ," ಎಂದು ಕೇಳದೆಯೇ ಇನ್ನೊಂದು ಸೌಟು ಹಾಕಿದಳು.

ನಯನಾ ಉಂಡು ಕೈ ತೊಳೆದು ಬಂದಳು. ದಸ್ತಗೀರ್ ಕೇಳಿದ: "ಬೇರೆ ಮಕ್ಕಳಿಗೂ ಇದೆ ಅಂದ್ರಲ್ಲ ಮೇಡಂ."

"ಹೂಂ. ಸ್ವಲ್ಪ ಸ್ವಲ್ಪ."

"ಈ ಬೀದಿ ಪಾತ್ರೆಯೆಲ್ಲ ನನ್ನ ಕೈಯದೇ." ಅವನು ಎದ್ದು ನಿಂತ. ಮನೆ ಮನೆಗೂ ಹೋಗಿ ಹೇಳಿದರೆ ಇನ್ನು ಯಾರು ಇವನ ಕೈಗೆ ಪಾತ್ರೆ ಕೊಟ್ಟಾರು ಎಂದುಕೊಂಡಳು ರೆಹಾನಾ. ಆದರೂ ಚಪ್ಪಲಿ ಮೆಟ್ಟಿಕೊಂಡಳು. ನಯನಾ ಚೀಲ ಹೆಗಲಿಗೇರಿಸಿದಳು.

ಮೊದಲು ಸಿಗುವುದು ಮನೆ ಓನರ್ ಗಂಗರತ್ನಮ್ಮನ ಬಾಗಿಲು.

"ಏನ್ರಪ್ಪಾ, ಓಟು ಕೇಳೋರಂಗೆ ಇಂಗೆ ಸಾಲಾಗಿ ಬಂದಿದ್ದೀರ?"

"ನಾನು ಹಾಕಿದ ಕಲಾಯಿಯಲ್ಲಿ ಸೀಸ ಇದೆ ಅಮ್ಮಾ. ವಿಷ. ಗೊತ್ತಿರಲಿಲ್ಲ. ಪಾತ್ರೆ ಕೊಡಿ, ಒಳ್ಳೇ ತವರದಲ್ಲಿ ಮತ್ತೆ ಹಾಕ್ಕೊಡ್ತೀನಿ. ನನ್ನದೇ ಖರ್ಚು."

ಮುದುಕಿ ಅವನನ್ನು ನೋಡಿದಳು, ಯಂತ್ರದ ಹುಡುಗಿಯನ್ನು ನೋಡಿದಳು. "ನಿನ್ ಮಗೀಗೂ ಐತಾ?"

ದಸ್ತಗೀರ್ ಹೌದೆಂದು ತಲೆಯಾಡಿಸಿದ.

ಗಂಗರತ್ನಮ್ಮ ಒಳಗೆ ಹೋದಳು. ಸಾರನ್ನು ಬೇರೆ ಪಾತ್ರೆಗೆ ಸುರಿಯುವ ಸದ್ದು ಕೇಳಿಸಿತು. ಖಾಲಿ ಪಾತ್ರೆಯನ್ನು ತಂದು ಅವಳು ರೆಹಾನಾಳ ಕೈಗಿಟ್ಟು, ಇನ್ನೊಂದನ್ನು ತರಲು ತಿರುಗಿದಳು. ಪಾತ್ರೆಯ ತಳ ಇನ್ನೂ ಬಿಸಿಯಿತ್ತು. ರೆಹಾನಾ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ನಯನಾ ಆಗಲೇ ಪಕ್ಕದ ಮನೆಯ ಗೇಟಿನ ಚಿಲಕ ತೆಗೆಯುತ್ತಿದ್ದಳು.